ಅಲಗಿನ ಹದ: ಬಾಯಿ ಗಡಸು, ಬೆನ್ನು ಮೆದು

ಒಂದೇ ಉಕ್ಕಿನ ಪಟ್ಟಿಯಿಂದ ಮಾಡಿದ ಅಲಗಿನಲ್ಲಿ ಕತ್ತರಿಸುವ ಬಾಯಿಯನ್ನು ಮಾತ್ರ ಗಡಸಾಗಿಸಿ, ಬೆನ್ನನ್ನು ಮೆದುವಾಗಿಯೇ ಉಳಿಸಿಕೊಳ್ಳುವ ಕಮ್ಮಾರಿಕೆಯ ಕ್ರಮವಿದು. ಇದರಲ್ಲಿ ಎರಡು ಲೋಹಗಳ ಬೆಸುಗೆ ಇರುವುದಿಲ್ಲ. ಕೆಂಪಗೆ ಕಾದ ಅಲಗಿನ ಬಾಯಿ ಥಟ್ಟನೆ ತಣಿಯಬೇಕು, ಬೆನ್ನು ನಿಧಾನವಾಗಿ ತಣಿಯಬೇಕು. ಉಳಿದದ್ದನ್ನು ಉಕ್ಕೇ ಮಾಡಿಕೊಳ್ಳುತ್ತದೆ. ಗಡಸು ಭಾಗವೂ ಮೆದು ಭಾಗವೂ ಕೂಡುವಲ್ಲಿ ಒಂದು ಗಡಿ ಮೂಡುತ್ತದೆ. ಅಲಗನ್ನು ಚೆನ್ನಾಗಿ ಉಜ್ಜಿ ಸೌಮ್ಯವಾದ ಆಮ್ಲದಲ್ಲಿ ಅದ್ದಿದಾಗ ಆ ಗಡಿ ಬೆಳಗಿನ ಮಂಜಿನ ಅಂಚಿನಂತೆ ಕಾಣಿಸಿಕೊಳ್ಳುತ್ತದೆ. ಜಪಾನೀಯರು ಅದನ್ನು ಹಮೊನ್ ಎನ್ನುತ್ತಾರೆ. ‘ಹ’ ಎಂದರೆ ಅಲಗಿನ ಬಾಯಿ, ‘ಮೊನ್’ ಎಂದರೆ ಚಿತ್ತಾರ. ಕನ್ನಡದಲ್ಲೂ ಕತ್ತಿಗೆ ಬಾಯಿಯಿದೆ, ಬೆನ್ನಿದೆ. ಬಾಯಿ ಮೊಂಡಾಗುತ್ತದೆ, ಮುಕ್ಕಾಗುತ್ತದೆ. ಹಾಗಾಗಿ ಇದನ್ನು ಬಾಯಿಗೆರೆ ಎಂದು ಕರೆದರೆ ತಪ್ಪಾಗದು.

ಹೊಸದಾಗಿ ಕಲಿಯುವವರು ಮೊದಲು ತಿಳಿಯಬೇಕಾದ ಮಾತು ಒಂದೇ. ಈ ಗೆರೆಯನ್ನು ಆಮ್ಲ ಬರೆಯುವುದಿಲ್ಲ. ಅದು ಹುಟ್ಟುವುದು ಅಲಗು ಬೆಂಕಿಯಿಂದ ಎಣ್ಣೆಗೋ ನೀರಿಗೋ ಇಳಿದ ಒಂದೆರಡು ಸೆಕೆಂಡುಗಳಲ್ಲಿ. ಆಮ್ಲ ಅದನ್ನು ತೋರಿಸುತ್ತದೆ, ಅಷ್ಟೆ. ಗೆರೆ ಮಂಕಾಗಿದ್ದರೆ ಆಮ್ಲವನ್ನು ಗಟ್ಟಿ ಮಾಡುವುದರಿಂದ ಏನೂ ಆಗದು. ತಪ್ಪು ಆಗಿರುವುದು ಅದಕ್ಕೂ ಹಿಂದೆ, ಉಕ್ಕಿನ ಆಯ್ಕೆಯಲ್ಲಿ, ಕಾವಿನಲ್ಲಿ, ಇಲ್ಲವೇ ಬೆನ್ನು ನಿಧಾನವಾಗಿ ತಣಿಯಲೆಂದು ಮೆತ್ತುವ ಮಣ್ಣಿನ ಲೇಪದಲ್ಲಿ.

ಉಕ್ಕಿನ ಒಳಗೆ

ಹರಿತ ಬಹುಕಾಲ ನಿಲ್ಲಬೇಕಾದರೆ ಬಾಯಿ ಗಡಸಾಗಿರಬೇಕು. ಆದರೆ ಗಡಸು ಹೆಚ್ಚಿದಷ್ಟೂ ಉಕ್ಕು ಪೆಡಸಾಗುತ್ತದೆ. ಗಾಜಿನಂತೆ, ಬಗ್ಗುವ ಬದಲು ಒಡೆಯುತ್ತದೆ. ಮೆದು ಉಕ್ಕು ಬಗ್ಗುತ್ತದೆ, ಮುರಿಯುವುದಿಲ್ಲ, ಆದರೆ ಅದರಲ್ಲಿ ಹರಿತ ನಿಲ್ಲುವುದಿಲ್ಲ. ಈ ಎರಡು ಗುಣಗಳನ್ನು ಒಂದೇ ಅಲಗಿನಲ್ಲಿ ಅಕ್ಕಪಕ್ಕ ಕೂರಿಸುವುದೇ ಈ ಹದದ ಉದ್ದೇಶ.

ಉಕ್ಕೆಂದರೆ ಸ್ವಲ್ಪ ಇಂಗಾಲ ಬೆರೆತ ಕಬ್ಬಿಣ. ಚಾಕುವಿಗೆ ಒಗ್ಗುವ ಸಾದಾ ಉಕ್ಕಿನಲ್ಲಿ ಇಂಗಾಲ ಶೇ. 0.6ರಿಂದ 1ರಷ್ಟು ಇರುತ್ತದೆ. ತಣ್ಣಗಿರುವ ಕಬ್ಬಿಣದ ಹರಳಿನೊಳಗೆ ಇಂಗಾಲಕ್ಕೆ ಹೆಚ್ಚುಕಡಿಮೆ ಜಾಗವೇ ಇಲ್ಲ. 727 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹರಳಿನ ಜೋಡಣೆಯೇ ಬದಲಾಗಿ ಇಂಗಾಲ ಅದರೊಳಗೆ ಕರಗಿ ಸೇರುತ್ತದೆ. ಈ ಸ್ಥಿತಿಗೆ ಬ್ರಿಟಿಷ್ ಲೋಹವಿಜ್ಞಾನಿ ವಿಲಿಯಂ ರಾಬರ್ಟ್ಸ್-ಆಸ್ಟೆನ್ ಅವರ ನೆನಪಿಗೆ ಆಸ್ಟೆನೈಟ್ ಎಂಬ ಹೆಸರಿದೆ. ಅಲ್ಲಿಂದ ನಿಧಾನವಾಗಿ ತಣಿದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಗುತ್ತದೆ. ಕಬ್ಬಿಣದ ಪದರ, ಕಬ್ಬಿಣ-ಇಂಗಾಲದ ಸಂಯುಕ್ತದ ಪದರ, ಹೀಗೆ ಒಂದರ ಮೇಲೊಂದು ಕೂತ ಪರ್ಲೈಟ್ ಉಂಟಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಮುತ್ತಿನಂತೆ ಮಿನುಗುವುದರಿಂದ ಆ ಹೆಸರು. ಥಟ್ಟನೆ ತಣಿದರೆ ಇಂಗಾಲ ಹೊರಬರಲಾಗದೆ ಒಳಗೇ ಸಿಕ್ಕಿಬೀಳುತ್ತದೆ. ಹರಳು ಅದರ ಒತ್ತಡಕ್ಕೆ ಸೆಟೆದು ನಿಲ್ಲುತ್ತದೆ. ಇದು ಮಾರ್ಟೆನ್ಸೈಟ್, ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಅವರ ಹೆಸರಿನದು. ರಾಕ್‌ವೆಲ್ ಸಿ ಮಾನದಲ್ಲಿ ಇದರ ಗಡಸು 65ರ ಆಸುಪಾಸಿಗೆ ಹೋಗುತ್ತದೆ, ಪಕ್ಕದ ಪರ್ಲೈಟ್ 40ರ ಸುತ್ತಮುತ್ತ ಉಳಿಯುತ್ತದೆ.

ಈ ಎರಡರ ನಡುವಿನ ತೀರ್ಮಾನ ಆಗುವುದು 540 ಡಿಗ್ರಿಯ ಹತ್ತಿರ. ಪರ್ಲೈಟ್ ಅತಿ ವೇಗವಾಗಿ ಹುಟ್ಟುವ ಉಷ್ಣತೆ ಅದು. 1095 ಎಂಬ ಸಂಖ್ಯೆಯ ಸಾದಾ ಇಂಗಾಲದ ಉಕ್ಕು ಆ ಹಂತವನ್ನು ದಾಟಲು ಒಂದು ಸೆಕೆಂಡಿಗಿಂತಲೂ ಕಡಿಮೆ ಅವಧಿ ಸಿಗುತ್ತದೆ. ಆ ಗಳಿಗೆಯಲ್ಲಿ ದಾಟಿದ ಭಾಗ ಮುಂದೆ ಸುಮಾರು 200 ಡಿಗ್ರಿಗೆ ಇಳಿಯುತ್ತಿದ್ದಂತೆ ಮಾರ್ಟೆನ್ಸೈಟ್ ಆಗತೊಡಗುತ್ತದೆ. ದಾಟದೆ ಉಳಿದದ್ದು ಪರ್ಲೈಟ್. ಬಾಯಿಗೆರೆ ಎಂದರೆ ದಾಟಿದವಕ್ಕೂ ದಾಟದವಕ್ಕೂ ನಡುವಿನ ಎಲ್ಲೆ. ಎರಡೂ ಬೆರೆತ ತೆಳುವಾದ ಪಟ್ಟಿಯೊಂದು ನಡುವೆ ಇರುವುದರಿಂದಲೇ ಅದು ಸೀಸದ ಕಡ್ಡಿಯಲ್ಲಿ ಎಳೆದ ಗೀಟಿನಂತಿರದೆ ಹಬೆಯಂತೆ ಕಾಣುವುದು.

ಉಕ್ಕಿನ ಆಯ್ಕೆ

ಇಲ್ಲಿ ಒಳ್ಳೆಯ ಉಕ್ಕೇ ತೊಡಕಾಗುವುದುಂಟು. ಕ್ರೋಮಿಯಂ, ಮ್ಯಾಂಗನೀಸ್, ಮಾಲಿಬ್ಡಿನಂ ಬೆರೆತ ಉಕ್ಕು ನಿಧಾನವಾಗಿ ತಣಿದರೂ ಆಳದವರೆಗೆ ಗಡಸಾಗುತ್ತದೆ. ಯಂತ್ರದ ಭಾಗಗಳಿಗೆ ಅದು ವರ. ಬಾಯಿಗೆರೆಗೆ ಮಾತ್ರ ಅಡ್ಡಿ, ಏಕೆಂದರೆ ಮಣ್ಣು ಮೆತ್ತಿದ ಬೆನ್ನೂ ಗಡಸಾಗಿಬಿಡುತ್ತದೆ. ನಮಗೆ ಬೇಕಾದದ್ದು ಮೇಲುಮೇಲಕ್ಕೆ ಮಾತ್ರ ಗಡಸಾಗುವ, ಬೆರಕೆ ಕಡಿಮೆ ಇರುವ ಉಕ್ಕು. ಅಮೆರಿಕದ ಸಂಖ್ಯಾಕ್ರಮದಲ್ಲಿ 1075, 1095. ಹತ್ಯಾರುಗಳ ಉಕ್ಕಾದ ಡಬ್ಲ್ಯೂ2. ಜಪಾನಿನ ಬಿಳಿಕಾಗದದ ಉಕ್ಕು, ಅಂದರೆ ಶಿರೊಗಾಮಿ. ಇವು ಈ ಕೆಲಸಕ್ಕೆ ಹೆಸರಾದವು. 1095ರಲ್ಲಿ ಕೊನೆಯ ಎರಡು ಅಂಕಿಗಳು ಶೇ. 0.95ರ ಇಂಗಾಲವನ್ನು ಹೇಳುತ್ತವೆ, ಮ್ಯಾಂಗನೀಸ್ ಶೇ. 0.3ರಿಂದ 0.5. ಇದಕ್ಕೆ ಹತ್ತಿರದ 1084ರಲ್ಲಿ ಮ್ಯಾಂಗನೀಸ್ ಶೇ. 0.6ರಿಂದ 0.9. ಹದ ಹಾಕುವುದು ಸುಲಭವೆಂದು ಮೊದಲ ಚಾಕುವಿಗೆ 1084 ಅನ್ನೇ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಮೂಡುವ ಗೆರೆ ಸಪ್ಪೆ. ಎರಡು ಸಂಖ್ಯೆಗಳ ನಡುವಿನ ಈ ಸಣ್ಣ ವ್ಯತ್ಯಾಸ ತಿಳಿಯದೆ ವಾರಗಟ್ಟಲೆ ಮಣ್ಣಿನ ಪಾಕವನ್ನು ಬದಲಿಸುತ್ತ ಕೂತವರಿದ್ದಾರೆ.

ನಮ್ಮ ಕಡೆ ಮಚ್ಚು, ಕತ್ತಿಗಳಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಬಳಸುವುದು ರೂಢಿ. ಅಂಥ ಪಟ್ಟಿಗಳು ಬಹುಮಟ್ಟಿಗೆ ಸಿಲಿಕಾನ್, ಮ್ಯಾಂಗನೀಸ್ ಇಲ್ಲವೇ ಕ್ರೋಮಿಯಂ ಬೆರೆತವು. ಗಟ್ಟಿಮುಟ್ಟಾದ ಮಚ್ಚಿಗೆ ಬಹಳ ಒಳ್ಳೆಯವು, ಮಣ್ಣಿನ ಲೇಪದಿಂದ ಅವುಗಳಲ್ಲಿ ಚಂದದ ಗೆರೆ ಮೂಡದು. ಬೇರಿಂಗಿನ ಉಕ್ಕಿನ ಕತೆಯೂ ಇದೇ. ಚಾಕುಗಳಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕಂತೂ ಗಾಳಿಯಲ್ಲಿ ತಣಿದರೂ ಗಡಸಾಗುವಂಥದು. ಹಳೆಯ ಅರಗಳಲ್ಲಿ ಇಂಗಾಲ ಹೇರಳ. ಒಳ್ಳೆಯ ಅರ ಸಿಕ್ಕರೆ ಗೆರೆ ಸೊಗಸಾಗಿ ಬರಬಹುದು. ಆದರೆ ಅಗ್ಗದ ಅರಗಳು ಮೆದು ಉಕ್ಕಿನ ಮೇಲೆ ಮೇಲ್ಮೈಯಷ್ಟೇ ಗಡಸು ಮಾಡಿದವು; ಹಲ್ಲು ತೇಯ್ದೊಡನೆ ಗಡಸೂ ಹೋಗುತ್ತದೆ. ಸಂಖ್ಯೆ ಗೊತ್ತಿರುವ ಹೊಸ ಉಕ್ಕನ್ನೇ ಕೊಳ್ಳುವುದು ಲೇಸು. ಕಲಿಯುವಾಗ ಒಂದೇ ಸಲಕ್ಕೆ ಹತ್ತು ಗೊಂದಲ ಬೇಡ.

ಉಕ್ಕು ಕೈಗೆ ಬಂದ ಮೇಲೆ ರೂಪ ಕೊಡುವ ಕೆಲಸ ಎಲ್ಲ ಚಾಕುಗಳಂತೆಯೇ. ಹಿಡಿಯ ತೂತುಗಳನ್ನು ಗಡಸಾಗಿಸುವ ಮೊದಲೇ ಕೊರೆಯಬೇಕು. ಬಾಯಿಯನ್ನು ಹರಿತಕ್ಕೆ ಇಳಿಸಬಾರದು. ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಉಳಿಸಬೇಕು. ತೆಳ್ಳನೆಯ ಬಾಯಿ ನೀರಿಗೆ ಬಿದ್ದೊಡನೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಬಡಿದು ಮಾಡಿದ ಅಲಗಾದರೆ, ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಣಿಯಲು ಬಿಡುವುದನ್ನು ಮೂರು ಸಲ ಮಾಡಬೇಕು, ಪ್ರತಿ ಸಲವೂ ಕಾವನ್ನು ಸ್ವಲ್ಪ ತಗ್ಗಿಸುತ್ತ. ಇದರಿಂದ ಹರಳುಗಳು ಸಣ್ಣವಾಗುತ್ತವೆ. ಸಣ್ಣ ಹರಳಿನ ಉಕ್ಕು ಪೆಟ್ಟು ತಾಳುತ್ತದೆ. ಆಳಕ್ಕೆ ಗಡಸಾಗುವ ಗುಣವೂ ಅದರಲ್ಲಿ ಕಡಿಮೆ, ಹಾಗಾಗಿ ಗೆರೆಗೆ ಜೀವ ಬರುತ್ತದೆ.

ಮಣ್ಣಿನ ಲೇಪ

ಜಪಾನಿನ ಕತ್ತಿಗಾರರು ಜೇಡಿಮಣ್ಣು, ಇದ್ದಿಲಿನ ಪುಡಿ, ಸಾಣೆಕಲ್ಲಿನ ಪುಡಿ ಇವುಗಳನ್ನು ಕಲಸಿ ಲೇಪ ಮಾಡಿಕೊಳ್ಳುತ್ತಾರೆ. ಪ್ರಮಾಣ ಅವರವರ ಮನೆತನದ ಗುಟ್ಟು. ಜೇಡಿ ಅಂಟಿಸುತ್ತದೆ, ಕಲ್ಲಿನ ಪುಡಿ ಒಣಗುವಾಗ ಬಿರಿಯದಂತೆ ತಡೆಯುತ್ತದೆ, ಇದ್ದಿಲು ಕಾವು ಹರಿಯುವ ವೇಗವನ್ನು ಹಿಡಿತದಲ್ಲಿಡುತ್ತದೆ. ಇಂದು ಮನೆಯ ಹಿತ್ತಲಲ್ಲಿ ಕೆಲಸ ಮಾಡುವವರು ಕುಲುಮೆಗಳಿಗೆ ಹಚ್ಚುವ, ಬೆಂಕಿ ತಾಳುವ ಸಿದ್ಧ ಸಿಮೆಂಟನ್ನೇ ಬಳಸುತ್ತಾರೆ. ಕಲಿಯುವವರಿಗೆ ಇದೇ ಸರಿ, ಒಂದು ಚಾಕುವಿಗೂ ಇನ್ನೊಂದಕ್ಕೂ ಲೇಪ ಬದಲಾಗುವುದಿಲ್ಲ.

ಅಲಗಿನ ಮೇಲೆ ಎಣ್ಣೆಯ ಬೆರಳಚ್ಚು ಕೂಡ ಇರದಂತೆ ತೊಳೆದು, ಬೆನ್ನಿನ ಕಡೆ ಸುಮಾರು ಮೂರು ಮಿಲಿಮೀಟರ್ ದಪ್ಪಕ್ಕೆ ಮಣ್ಣು ಮೆತ್ತಬೇಕು. ಬಾಯಿಯನ್ನು ಬರಿದಾಗಿ ಬಿಡಬಹುದು. ತೀರ ತೆಳ್ಳಗೆ, ನೀರುನೀರಾಗಿ ಬಳಿದರೆ ಇನ್ನೂ ಒಳ್ಳೆಯದು. ತೆಳುಲೇಪ ತಣಿಯುವುದನ್ನು ತಡೆಯುವ ಬದಲು ಚುರುಕುಗೊಳಿಸುತ್ತದೆ ಎಂಬುದು ಅನೇಕರಿಗೆ ಅಚ್ಚರಿ. ಕಾದ ಅಲಗನ್ನು ನೀರಿಗೆ ಇಳಿಸಿದಾಗ ಅದರ ಸುತ್ತ ಹಬೆಯ ಹೊದಿಕೆಯೊಂದು ಕಟ್ಟಿಕೊಂಡು ನೀರನ್ನು ದೂರ ಇಡುತ್ತದೆ. ಒರಟಾದ ತೆಳುಮಣ್ಣು ಆ ಹೊದಿಕೆಯನ್ನು ಬೇಗ ಒಡೆಯುತ್ತದೆ. ಕಾದ ಕಾವಲಿಯ ಮೇಲೆ ಚಿಮುಕಿಸಿದ ನೀರಹನಿ ಕೂಡಲೇ ಆವಿಯಾಗದೆ ಗುಂಡಗೆ ಓಡಾಡುವುದನ್ನು ದೋಸೆ ಹುಯ್ಯುವವರೆಲ್ಲ ನೋಡಿರುತ್ತಾರೆ. ಅದೇ ಹಬೆಯ ಹೊದಿಕೆ ಇದು.

ಮಣ್ಣಿನ ಅಂಚು ಎಲ್ಲಿದೆಯೋ ಗೆರೆಯೂ ಅಲ್ಲೇ ಮೂಡುವುದಿಲ್ಲ. ದಪ್ಪ ಮಣ್ಣಿನ ಕೆಳಗಿನ ಕಾವು ಬಾಯಿಯ ಕಡೆಗೂ ಹರಿಯುತ್ತದೆ. ಮಣ್ಣು ಹೆಚ್ಚಾದರೆ, ಬಾಯಿಗೆ ತೀರ ಹತ್ತಿರವಾದರೆ, ಗೆರೆ ಕೆಳಗಿಳಿದು ಬಾಯಿಯೇ ಗಡಸಾಗದೆ ಉಳಿದೀತು. ಚಾಕುವಿನ ಅಗಲದಲ್ಲಿ ಬಾಯಿಯ ಕಡೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಜಾಗವನ್ನು ಬರಿದು ಬಿಡದಿರುವುದು ಕ್ಷೇಮ. ಬೆನ್ನಿನ ಮಣ್ಣಿನಿಂದ ಬಾಯಿಯ ಕಡೆಗೆ ಮಣ್ಣಿನದೇ ಕಿರಿದಾದ ಅಡ್ಡಗೀರುಗಳನ್ನು ಎಳೆಯುವುದೂ ಉಂಟು. ಜಪಾನಿನಲ್ಲಿ ಇವಕ್ಕೆ ಅಶಿ, ಅಂದರೆ ಕಾಲು, ಎನ್ನುತ್ತಾರೆ. ಗೀರಿನ ಕೆಳಗೆ ಉಕ್ಕು ತುಸು ಮೆದುವಾಗುತ್ತದೆ. ಬಾಯಿ ಎಲ್ಲಾದರೂ ಮುಕ್ಕಾದರೆ ಆ ಮುಕ್ಕು ಮುಂದಕ್ಕೆ ಹರಿಯದೆ ಅಲ್ಲೇ ನಿಲ್ಲಲಿ ಎಂಬುದು ಇದರ ಉದ್ದೇಶ. ಚೆಲುವಿಗಾಗಿ ಮಾಡಿದ್ದೆಂದು ತೋರುವ ಎಷ್ಟೋ ಸಂಗತಿಗಳು ಈ ಕಸುಬಿನಲ್ಲಿ ಕಾರ್ಯಕ್ಕಾಗಿಯೇ ಹುಟ್ಟಿದವು.

ಲೇಪ ಪೂರ್ತಿ ಒಣಗಬೇಕು. ಒಳಗೆ ತೇವ ಉಳಿದರೆ ಬೆಂಕಿಯಲ್ಲಿ ಹಬೆಯಾಗಿ ಮಣ್ಣು ಸಿಡಿದು ಬೀಳುತ್ತದೆ.

ಕಾವು ಮತ್ತು ಅದ್ದುವ ಗಳಿಗೆ

1095ಕ್ಕೆ ಬೇಕಾದ ಕಾವು 790ರಿಂದ 800 ಡಿಗ್ರಿ. ಉಷ್ಣತೆ ತೋರಿಸುವ ವಿದ್ಯುತ್ ಕುಲುಮೆ ಇಲ್ಲದವರಿಗೆ ಅಯಸ್ಕಾಂತ ನೆರವಾಗುತ್ತದೆ. 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಒಂದು ಛಾಯೆ ಹೆಚ್ಚು ಕೆಂಪಾದರೆ ಸಾಕು. ಬಣ್ಣ ನೋಡುವ ಕೆಲಸವನ್ನು ಮಬ್ಬುಗತ್ತಲಲ್ಲೇ ಮಾಡಬೇಕು. ಬಿಸಿಲಲ್ಲಿ ಕೆಂಪಗೆ ಕಂಡ ಅಲಗು ನಿಜದಲ್ಲಿ ಅಳತೆ ಮೀರಿ ಕಾದಿರುತ್ತದೆ. ಜಪಾನಿನ ಕತ್ತಿಗಾರರು ಈ ಹಂತಕ್ಕೆ ಕಾರ್ಯಾಗಾರವನ್ನು ಕತ್ತಲು ಮಾಡಿಕೊಳ್ಳುವುದು ಇದಕ್ಕಾಗಿಯೇ. ಕತ್ತಲಲ್ಲಿ ಇನ್ನೊಂದು ಲಾಭವೂ ಇದೆ. ಹರಳಿನ ಜೋಡಣೆ ಬದಲಾಗುವಾಗ ಉಕ್ಕು ಕಾವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಕೆಂಪು ಅಲಗಿನ ಮೇಲೆ ಕಪ್ಪು ನೆರಳೊಂದು ಮೆಲ್ಲನೆ ಸರಿದುಹೋಗುವುದು ಕಾಣುತ್ತದೆ. ನೆರಳು ಪೂರ್ತಿ ಮಾಯವಾಯಿತೆಂದರೆ ಉಕ್ಕು ಸಿದ್ಧ. ಒಮ್ಮೆ ಇದನ್ನು ಕಣ್ಣಾರೆ ಕಂಡವರು ಮತ್ತೆ ಅಯಸ್ಕಾಂತವನ್ನು ಅಷ್ಟಾಗಿ ಹುಡುಕುವುದಿಲ್ಲ. ಕಾವು ಮಿತಿ ಮೀರಿದರೆ ಹರಳು ದಪ್ಪಗಾಗಿ ಉಕ್ಕು ಪೆಡಸಾಗುತ್ತದೆ, ಗೆರೆಯೂ ಬೆನ್ನಿನ ಕಡೆಗೆ ಏರಿಹೋಗುತ್ತದೆ.

ಅದ್ದುವುದು ನೀರಿಗೋ, ಎಣ್ಣೆಗೋ? ನೀರು ಬಲು ಚುರುಕು, ಉಪ್ಪುನೀರು ಇನ್ನೂ ಚುರುಕು. ಗೆರೆ ಅದ್ಭುತವಾಗಿ ಬರುತ್ತದೆ. ಜೊತೆಗೆ ‘ಟಿಣ್’ ಎಂಬ ಸಣ್ಣ ಸದ್ದೂ ಬರಬಹುದು. ಬಾಯಿ ಸೀಳಿದ ಸದ್ದು ಅದು. ಸೀಳಿದ ಅಲಗಿಗೆ ಮದ್ದಿಲ್ಲ. ಬಾಣಲೆಯ ಎಣ್ಣೆಯಂಥ ಸಸ್ಯದೆಣ್ಣೆಯನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡರೆ ಅದು ತಣ್ಣನೆಯ ಎಣ್ಣೆಗಿಂತ ತೆಳುವಾಗಿ, ಚುರುಕಾಗಿ ಕೆಲಸ ಮಾಡುತ್ತದೆ. ತೆಳ್ಳನೆಯ ಸಣ್ಣ ಚಾಕುವಿಗೆ ಅದು ಸಾಕು. ಈ ಕೆಲಸಕ್ಕೆಂದೇ ಮಾರುವ ವೇಗದ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಕಲಿಕೆಯ ಮೊದಲ ಹತ್ತು ಅಲಗುಗಳಿಗೆ ನೀರು ಬೇಡವೆಂದೇ ಹೇಳಬೇಕು. ಗಾಡಿಯ ಹಳೆಯ ಎಂಜಿನ್ ಎಣ್ಣೆಯಂತೂ ಬೇಡವೇ ಬೇಡ, ಅದರ ಹೊಗೆ ಮೈಗೆ ವಿಷ. ಎಣ್ಣೆಯ ಪಾತ್ರೆ ಲೋಹದ್ದಾಗಿರಬೇಕು, ಆಳವಾಗಿರಬೇಕು, ಮುಚ್ಚಳ ಕೈಯಳತೆಯಲ್ಲೇ ಇರಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯದೆ ಮುಚ್ಚಳ ಮುಚ್ಚಬೇಕು.

ಇಕ್ಕಳದಲ್ಲಿ ಹಿಡಿದ ಅಲಗನ್ನು ಅಳುಕದೆ ನೇರವಾಗಿ ಇಳಿಸಿ, ಮುಂದಕ್ಕೂ ಹಿಂದಕ್ಕೂ ಆಡಿಸಬೇಕು. ಅಡ್ಡಡ್ಡ ಅಲ್ಲಾಡಿಸಿದರೆ ಒಂದು ಮಗ್ಗುಲು ಮೊದಲು ತಣಿದು ಅಲಗು ಸೊಟ್ಟಗಾಗುತ್ತದೆ. ನೀರಿನಲ್ಲಿ ಅದ್ದಿದ ಉದ್ದದ ಅಲಗು ಮೊದಲು ಬಾಯಿಯ ಕಡೆಗೆ ಬಾಗಿ, ಮರುಕ್ಷಣ ಬೆನ್ನಿನ ಕಡೆಗೆ ಬಾಗುತ್ತದೆ. ಬಾಯಿ ತಣಿದು ಕುಗ್ಗುವಾಗ ಮೊದಲ ಬಾಗು. ಅದೇ ಬಾಯಿ ಮಾರ್ಟೆನ್ಸೈಟ್ ಆಗಿ ಹಿಗ್ಗಿದಾಗ ಎರಡನೆಯದು. ಮಾರ್ಟೆನ್ಸೈಟ್ ತನ್ನ ಹಿಂದಿನ ರೂಪಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಜಪಾನಿನ ಕತ್ತಿಯ ಆ ಹೆಸರಾಂತ ಬಾಗಿನಲ್ಲಿ ಒಂದು ಪಾಲು ಸುತ್ತಿಗೆಯದು, ಇನ್ನೊಂದು ಪಾಲು ನೀರಿನದು.

ತಣಿದ ಅಲಗಿನ ಬಾಯಿಯ ಮೇಲೆ ಅರ ಎಳೆದು ನೋಡಬೇಕು. ಗಾಜಿನ ಮೇಲೆ ಎಳೆದಂತೆ ಜಾರಿದರೆ ಗಡಸು ಬಂದಿದೆ. ಮೊದಲೊಂದೆರಡು ಎಳೆತಕ್ಕೆ ಕಚ್ಚಿದರೆ ಗಾಬರಿ ಬೇಡ. ಬೆಂಕಿಯಲ್ಲಿ ಇಂಗಾಲ ಕಳೆದುಕೊಂಡ ತೆಳು ಪೊರೆ ಅದು.

ಮರುಕಾವು

‘ಹದ’ ಎಂಬ ಮಾತು ಕನ್ನಡದಲ್ಲಿ ಮಣ್ಣಿಗೂ ಇದೆ, ಹಿಟ್ಟಿಗೂ ಇದೆ, ಬೆಲ್ಲದ ಪಾಕಕ್ಕೂ ಚರ್ಮಕ್ಕೂ ಇದೆ. ಎಲ್ಲ ಕಡೆಯೂ ಅದರ ಅರ್ಥ ಹೆಚ್ಚೂ ಆಗದ, ಕಡಿಮೆಯೂ ಆಗದ ಸರಿಯಾದ ಸ್ಥಿತಿ. ಅತಿಯಾಗಿ ಗಡಸಾದ ಉಕ್ಕನ್ನು ಆ ಸ್ಥಿತಿಗೆ ತರುವುದು ಮರುಕಾವು. ಅದ್ದಿದ ಕೂಡಲೇ ಬಾಯಿ ಎಷ್ಟು ಪೆಡಸಾಗಿರುತ್ತದೆಂದರೆ ನೆಲಕ್ಕೆ ಬಿದ್ದರೆ ಒಡೆಯಬಹುದು. ಆದ್ದರಿಂದ ತಡಮಾಡದೆ, ಅದೇ ದಿನ, 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ಮತ್ತೆ ಎರಡು ಗಂಟೆ ಇಡಬೇಕು. ಗಡಸು 60ರ ಆಸುಪಾಸಿಗೆ ಇಳಿದು ಬಾಯಿ ಪೆಟ್ಟು ತಾಳುವಂತಾಗುತ್ತದೆ. ಉಜ್ಜಿ ಹೊಳಪು ಬಂದ ಜಾಗದಲ್ಲಿ ಒಣಹುಲ್ಲಿನ ಬಣ್ಣ ಕಂಡರೆ ಸರಿಯಾದ ಗುರುತು. ನೇರಳೆ, ನೀಲಿಗೆ ತಿರುಗಿದರೆ ಸುಮಾರು 280 ಡಿಗ್ರಿ ದಾಟಿದೆಯೆಂದು ಅರ್ಥ, ಬಾಯಿಗೆ ಅದು ಹೆಚ್ಚು. ಮನೆಯ ಒಲೆಪೆಟ್ಟಿಗೆಯ ಗುಂಡಿ ತೋರಿಸುವ ಅಂಕಿಯನ್ನು ನಂಬದೆ ಒಳಗೊಂದು ಉಷ್ಣಮಾಪಕ ಇಡಬೇಕು.

ಮಣ್ಣಿಲ್ಲದ ದಾರಿಗಳು

ಬಾಯಿಗಷ್ಟೇ ಗಡಸು ತರಲು ಮಣ್ಣು ಬೇಕೇಬೇಕೆಂದಿಲ್ಲ. ಅಲಗಿನ ಕೆಳಗಿನ ಮೂರನೆಯ ಒಂದು ಭಾಗವನ್ನು ಮಾತ್ರ ಎಣ್ಣೆಗೆ ತಾಕಿಸಿ, ತೊಟ್ಟಿಲು ತೂಗಿದಂತೆ ಆಡಿಸುವುದು ಎಲ್ಲಕ್ಕಿಂತ ಸರಳ. ಆಳಕ್ಕೆ ಗಡಸಾಗುವ ಸ್ಪ್ರಿಂಗ್ ಪಟ್ಟಿಗೂ ಈ ಕ್ರಮ ಒಗ್ಗುತ್ತದೆ. ಗೆರೆ ಸಾದಾ ಬರುತ್ತದೆ, ಕೆಲಸ ಮಾತ್ರ ಗಟ್ಟಿ. ನೇಪಾಳದ ಕುಕ್ರಿಯನ್ನು ಮಾಡುವ ಕಾಮಿಗಳು ಕೆಂಪಗೆ ಕಾದ ಅಲಗಿನ ಬಾಯಿಯ ಉದ್ದಕ್ಕೂ ಕೆಟಲಿನಿಂದ ನೀರು ಹುಯ್ಯುತ್ತಾರೆ. ನೋಡಲು ಸುಲಭ, ಆದರೆ ನೀರಿನ ಧಾರೆ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ಕೈಗೆ ಮಾತ್ರ ಗೊತ್ತಿರುವ ವಿದ್ಯೆ. ನಮ್ಮ ಕಮ್ಮಾರಸಾಲೆಗಳಲ್ಲಿ ಉಳಿ, ಹಾರೆಗಳ ತುದಿಗೆ ನೀರು ಕೊಡುವುದೂ ಇದೇ ತತ್ತ್ವದ ಮೇಲೆ. ತುದಿಯಷ್ಟನ್ನೇ ಅದ್ದಿ ಮೇಲೆತ್ತಿ, ಹಿಂದೆ ಉಳಿದ ಕಾವು ತುದಿಗೆ ಹರಿದು ಬಣ್ಣ ಏರುವುದನ್ನು ನೋಡಿಕೊಂಡು, ಬೇಕಾದ ಬಣ್ಣ ಬಂದೊಡನೆ ಪೂರ್ತಿ ಅದ್ದುತ್ತಾರೆ. ಗಡಸೂ ಮರುಕಾವೂ ಒಂದೇ ಉಸಿರಿಗೆ ಮುಗಿಯುತ್ತವೆ.

ಇನ್ನೊಂದು ದಾರಿಯಲ್ಲಿ ಅಲಗನ್ನು ಪೂರ್ತಿ ಗಡಸಾಗಿಸಿ, ಬಾಯಿಯನ್ನು ನೀರಿನಲ್ಲಿ ಇಟ್ಟುಕೊಂಡು ಬೆನ್ನಿಗೆ ಮಾತ್ರ ಬೆಂಕಿಯ ನಾಲಿಗೆ ತಾಕಿಸಿ ನೀಲಿ ಬಣ್ಣಕ್ಕೆ ತರುತ್ತಾರೆ. ಇದು ಮರುಕಾವಿನಲ್ಲಿ ತಂದ ವ್ಯತ್ಯಾಸ. ನಿಜವಾದ ಬಾಯಿಗೆರೆ ಇದರಲ್ಲಿ ಇರದು.

ಉಜ್ಜುವುದು, ಆಮ್ಲ ತೋರಿಸುವುದು

ತಾಳ್ಮೆಯ ಬಹುಪಾಲು ಖರ್ಚಾಗುವುದು ಇಲ್ಲಿ. ಉಕ್ಕಿನ ಮೇಲಿನ ಕರಕನ್ನು ತೆಗೆದು, 120ರ ಉಪ್ಪುಕಾಗದದಿಂದ ಹಿಡಿದು 220, 400, 800, 1500ರ ವಾಟರ್ ಪೇಪರ್‌ವರೆಗೆ ಒಂದೊಂದಾಗಿ ಏರಬೇಕು. ಪ್ರತಿ ಹಂತದಲ್ಲೂ ಹಿಂದಿನ ಗೀರುಗಳು ಪೂರ್ತಿ ಹೋಗಿವೆಯೆಂದು ಓರೆ ಬೆಳಕಿನಲ್ಲಿ ನೋಡಬೇಕು. ದಿಕ್ಕು ಬದಲಿಸಿ ಉಜ್ಜಿದರೆ ಹಳೆಯ ಗೀರು ಬೇಗ ಕಣ್ಣಿಗೆ ಬೀಳುತ್ತದೆ. 220ರ ಒಂದೇ ಒಂದು ಗೀರು ಉಳಿದಿದ್ದರೂ ಆಮ್ಲ ಅದನ್ನು ಹುಡುಕಿ ಎತ್ತಿ ತೋರಿಸುತ್ತದೆ. ಯಂತ್ರದಲ್ಲಿ ಉಜ್ಜುವಾಗ ಅಲಗು ಬೆರಳು ಸುಡುವಷ್ಟು ಬಿಸಿಯಾಗಬಾರದು, ಬಾಯಿಯ ಹದ ಕೆಡುತ್ತದೆ. ಕೊನೆಯಲ್ಲಿ ಸೋಪಿನಿಂದಲೋ ಅಸಿಟೋನ್‌ನಿಂದಲೋ ಜಿಡ್ಡು ತೆಗೆದು, ಆಮೇಲೆ ಬರಿಗೈಯಿಂದ ಮುಟ್ಟಬಾರದು.

ಆಮ್ಲ ಉಕ್ಕಿನ ಮೇಲ್ಮೈಯನ್ನು ಕೂದಲೆಳೆಗಿಂತ ತೆಳುವಾಗಿ ಕೊರೆಯುತ್ತದೆ. ಮಾರ್ಟೆನ್ಸೈಟ್ ಮತ್ತು ಪರ್ಲೈಟ್ ಒಂದೇ ವೇಗದಲ್ಲಿ, ಒಂದೇ ರೀತಿಯಲ್ಲಿ ಕೊರೆದುಹೋಗುವುದಿಲ್ಲವಾದ್ದರಿಂದ ಬೆಳಕು ಅವುಗಳಿಂದ ಬೇರೆ ಬೇರೆಯಾಗಿ ಚದುರುತ್ತದೆ. ಮೇಲೆ ಕೂತ ಕಪ್ಪು ಪೊರೆಯನ್ನು ಉಜ್ಜಿ ತೆಗೆದ ಮೇಲೆ ಬಾಯಿಯ ಭಾಗ ಹಾಲುಬಿಳುಪಾಗಿ, ಮೈ ಕಪ್ಪಾಗಿ ಕಾಣುವುದು ಸಾಮಾನ್ಯ. ಉಕ್ಕನ್ನು ನಯವಾಗಿಸಿ ಆಮ್ಲದಲ್ಲಿ ಕೊರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು 1860ರ ದಶಕದಲ್ಲಿ ಶುರುಮಾಡಿದವರು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆನ್ರಿ ಕ್ಲಿಫ್ಟನ್ ಸಾರ್ಬಿ. ಚಾಕು ಮಾಡುವವರ ಊರಿನಲ್ಲೇ ಆ ವಿದ್ಯೆ ಹುಟ್ಟಿತೆಂಬುದು ನೆನೆಯಬೇಕಾದ ಸಂಗತಿ.

ಹೆಚ್ಚು ಬಳಕೆಯಲ್ಲಿರುವುದು ಫೆರಿಕ್ ಕ್ಲೋರೈಡ್, ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡಿನ ತಾಮ್ರ ಕೊರೆಯಲೆಂದು ಮಾರುವ ಅದೇ ವಸ್ತು. ಸಿದ್ಧ ದ್ರಾವಣಕ್ಕೆ ನಾಲ್ಕರಿಂದ ಆರು ಪಟ್ಟು ನೀರು ಬೆರೆಸಿ ತೆಳುವಾಗಿಸಿಕೊಳ್ಳಬೇಕು. ಪುಡಿ ತಂದಿದ್ದರೆ ಅದನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಅದು ಕುದಿಯುವಷ್ಟು ಬಿಸಿಯಾಗಿ ಉಸಿರು ಕಟ್ಟಿಸುವ ಹಬೆ ಬಿಡುತ್ತದೆ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ, ಪ್ಲಾಸ್ಟಿಕ್ ಇಲ್ಲವೇ ಗಾಜಿನ ಪಾತ್ರೆ ಇರಲೇಬೇಕು. ಒಮ್ಮೆ ತಾಮ್ರ ಕೊರೆಯಲು ಬಳಸಿದ ದ್ರಾವಣವನ್ನು ಚಾಕುವಿಗೆ ಬಳಸಬಾರದು. ಅದರಲ್ಲಿ ಕರಗಿರುವ ತಾಮ್ರ ಉಕ್ಕಿನ ಮೇಲೆ ಕೆಂಪು ಪೊರೆಯಾಗಿ ಕೂರುತ್ತದೆ.

ಹದಿನೈದು ಇಪ್ಪತ್ತು ಸೆಕೆಂಡು ಅದ್ದಿ, ತೆಗೆದು ತೊಳೆದು, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ ಆಮ್ಲವನ್ನು ಸಾಯಿಸಬೇಕು. ಕಪ್ಪು ಪೊರೆಯನ್ನು ನಯವಾದ ಹೊಳಪುಪುಡಿಯಿಂದ ಮೆಲ್ಲನೆ ಒರೆಸಬೇಕು. ಹೀಗೆ ನಾಲ್ಕಾರು ಸಲ. ಒಂದೇ ಸಲ ಹೆಚ್ಚು ಹೊತ್ತು ಬಿಟ್ಟರೆ ಮೈ ಗುಂಡಿಗುಂಡಿಯಾಗಿ ಗೆರೆ ಒರಟಾಗುತ್ತದೆ. ವಿನೆಗರ್ ಅಥವಾ ನಿಂಬೆರಸವನ್ನು ಬಿಸಿಮಾಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ ಹಚ್ಚುವುದು ನಿಧಾನದ ದಾರಿ. ಆದರೆ ಗೆರೆಯ ಒಳಗಿನ ಎಳೆಗಳು, ಮೋಡದಂಥ ಛಾಯೆಗಳು ಅದರಲ್ಲಿ ಹೆಚ್ಚು ಚೆನ್ನಾಗಿ ಬರುತ್ತವೆ. ಅವಸರವಿಲ್ಲದವರು ನಿಂಬೆಯನ್ನೇ ಆರಿಸಿಕೊಳ್ಳಲಿ. ಅಡುಗೆಮನೆಯಲ್ಲೇ ಸಿಗುತ್ತದೆ, ಮೈಮೇಲೆ ಬಿದ್ದರೆ ಹೆದರಬೇಕಿಲ್ಲ.

ಜಪಾನಿನ ಸಾಂಪ್ರದಾಯಿಕ ಹೊಳಪುಗಾರರ ಕ್ರಮವೇ ಬೇರೆ. ಅವರ ನೆಚ್ಚಿಕೆ ಕಲ್ಲು. ಸಾಣೆಕಲ್ಲಿನ ಚಕ್ಕೆಗಳನ್ನು ಬೆರಳ ತುದಿಯಲ್ಲಿ ಒತ್ತಿ ವಾರಗಟ್ಟಲೆ ಉಜ್ಜಿ, ಕಬ್ಬಿಣದ ಆಕ್ಸೈಡನ್ನು ಎಣ್ಣೆಯಲ್ಲಿ ಕಲಸಿ ತೀಡಿ, ಗೆರೆಯನ್ನು ಹೊರತರುತ್ತಾರೆ. ಅಂಥ ಅಲಗಿನಲ್ಲಿ ಬರಿಗಣ್ಣಿಗೆ ಕಾಣುವ ಮಿನುಗುಕಣಗಳಿಗೆ ನಿಯೆ ಎಂದೂ, ಕಣವಾಗಿ ಕಾಣದೆ ಮಂಜಿನಂತೆ ಹರಡಿದ್ದಕ್ಕೆ ನಿಯೊಯಿ ಎಂದೂ ಹೆಸರು. ನೇರಗೆರೆ ಸುಗುಹ, ಸಾವಕಾಶದ ಅಲೆ ನೊತರೆ, ಲವಂಗದ ಮೊಗ್ಗಿನ ಸಾಲಿನಂಥದು ಚೋಜಿ. ಬಿಜೆನ್ ಪ್ರಾಂತದ ಕತ್ತಿಗಾರರು ಮೊಗ್ಗಿನ ಗೆರೆಗೂ, ಕಾಮಾಕುರ ಕಾಲದ ಮಾಸಾಮುನೆ ಮತ್ತು ಅವನ ಸಗಾಮಿ ಪರಂಪರೆಯವರು ಮಿನುಗುಕಣಕ್ಕೂ ಹೆಸರಾದವರು. ಆ ಕತ್ತಿಗಳಿಗೆ ಬೇಕಾದ ತಮಹಗನೆ ಉಕ್ಕನ್ನು ಕಬ್ಬಿಣದ ಮರಳು ಮತ್ತು ಇದ್ದಿಲಿನಿಂದ ಕರಗಿಸುವ ಒಲೆ ಶಿಮಾನೆ ಪ್ರಾಂತದಲ್ಲಿ 1977ರಲ್ಲಿ ಮತ್ತೆ ಹೊತ್ತಿತು. ಒಸಾಕಾ ಬಳಿಯ ಸಕಾಯಿಯಲ್ಲಿ ಅಡುಗೆಯ ಚಾಕುಗಳಿಗೂ ಮಣ್ಣಿನ ಹದ ಹಾಕುತ್ತಾರೆ. ಹೊನ್ಯಾಕಿ ಎಂಬ ಆ ಚಾಕುಗಳು ದುಬಾರಿ, ಏಕೆಂದರೆ ನೀರಿಗೆ ಇಳಿದ ಅಲಗುಗಳಲ್ಲಿ ಎಲ್ಲವೂ ಸೀಳದೆ ಹೊರಬರುವುದಿಲ್ಲ.

ಬೇರೆ ಗೆರೆಗಳು, ಸುಳ್ಳು ಗೆರೆಗಳು

ಆಮ್ಲದಲ್ಲಿ ಕಾಣುವ ಚಿತ್ತಾರವೆಲ್ಲ ಬಾಯಿಗೆರೆಯಲ್ಲ. ಎರಡು ಬಗೆಯ ಉಕ್ಕನ್ನು ಮಡಿಚಿ ಬೆಸೆದರೆ ಪದರಗಳ ಚಿತ್ತಾರ ಬರುತ್ತದೆ. ಇಂದು ಡಮಾಸ್ಕಸ್ ಎಂದು ಮಾರುವುದು ಬಹುಮಟ್ಟಿಗೆ ಅದನ್ನೇ. ದಕ್ಷಿಣ ಭಾರತದ ಮೂಸೆಯ ಉಕ್ಕಿನ ನೀರಲೆಯಂಥ ಚಿತ್ತಾರ ಇನ್ನೊಂದು ಬಗೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿಯಂಥ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಮುಚ್ಚಿ ಕಾಯಿಸಿ ಮಾಡುತ್ತಿದ್ದ ಆ ಉಕ್ಕಿನಲ್ಲಿ ಇಂಗಾಲ ಶೇ. 1.5ರ ಆಸುಪಾಸು. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವುದನ್ನು 1800ರ ಪ್ರವಾಸದಲ್ಲಿ ಫ್ರಾನ್ಸಿಸ್ ಬುಕಾನನ್ ಕಂಡು ಬರೆದಿದ್ದಾನೆ. ಯುರೋಪಿನಲ್ಲಿ ಅದಕ್ಕೆ ಬಿದ್ದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೈಕಲ್ ಫ್ಯಾರಡೆ ಕೂಡ ಅದರ ಮೇಲೆ ಪ್ರಯೋಗ ಮಾಡಿದ್ದ. ಅಲ್ಲಿ ಕಾಣುವ ಅಲೆ ಇಂಗಾಲದ ಸಂಯುಕ್ತ ಸಾಲುಗಟ್ಟಿದ್ದರಿಂದ ಬಂದದ್ದು, ಅಂದರೆ ಉಕ್ಕಿನ ಹುಟ್ಟಿನ ಗುಣ. ಬಾಯಿಗೆರೆಯಾದರೋ ತಣಿದ ವೇಗದ ಗುರುತು. ಎರಡನ್ನೂ ಆಮ್ಲವೇ ತೋರಿಸುತ್ತದೆಂಬುದರಿಂದ ಗೊಂದಲ ಹುಟ್ಟಿಕೊಂಡಿದೆ.

ಅಗ್ಗದ ಅಲಂಕಾರದ ಕತ್ತಿಗಳಲ್ಲಿ ಮೇಣದ ಮರೆ ಇಟ್ಟು ಆಮ್ಲ ಬಳಿದೋ, ತಂತಿಬ್ರಷ್ ತಿಕ್ಕಿಯೋ ಸುಳ್ಳು ಗೆರೆ ಬರೆದಿರುತ್ತಾರೆ. ಎರಡು ಮಗ್ಗುಲಲ್ಲೂ ಅಚ್ಚಿನಂತೆ ಒಂದೇ ಅಲೆ ಇದ್ದರೆ, ಭೂತಗನ್ನಡಿಯಲ್ಲಿ ನೋಡಿದಾಗ ಗಡಿಯಲ್ಲಿ ಬೆರಕೆಯ ಪಟ್ಟಿಯೇ ಇಲ್ಲದಿದ್ದರೆ ಅನುಮಾನಿಸಬೇಕು. ನಯವಾದ ಕಾಗದದಿಂದ ಉಜ್ಜಿದಾಗ ಸುಳ್ಳು ಗೆರೆ ಅಳಿಸಿಹೋಗುತ್ತದೆ, ಮತ್ತೆ ನಿಂಬೆರಸ ಹಚ್ಚಿದರೆ ಬರುವುದಿಲ್ಲ.

ಎಷ್ಟು ಉಪಯೋಗ?

ಮೆದು ಬೆನ್ನು ಅಲಗನ್ನು ಹೆಚ್ಚು ಬಲಶಾಲಿಯಾಗಿಸುತ್ತದೆಂಬ ಮಾತು ಅರ್ಧ ಮಾತ್ರ ನಿಜ. ಗಡಸಾಗಲಿ ಮೆದುವಾಗಲಿ, ಒತ್ತಿದಾಗ ಉಕ್ಕು ತೋರುವ ಬಿಗುಪು ಒಂದೇ. ವ್ಯತ್ಯಾಸ ಬರುವುದು ಒತ್ತಡ ಮಿತಿ ಮೀರಿದ ಮೇಲೆ. ಮೆದು ಬೆನ್ನಿನ ಅಲಗು ಬೇಗ ಬಾಗಿ ಹಾಗೆಯೇ ಉಳಿಯುತ್ತದೆ, ಮುರಿಯುವುದಿಲ್ಲ. ಪೂರ್ತಿ ಗಡಸಾಗಿಸಿ ಸ್ಪ್ರಿಂಗಿನ ಹದಕ್ಕೆ ತಂದದ್ದು ಹೆಚ್ಚು ಒತ್ತಡ ತಾಳಿ ನೇರಕ್ಕೆ ಮರಳುತ್ತದೆ. 1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯಲ್ಲಿ ಅಲಗು ಹಗ್ಗ ಕತ್ತರಿಸಿ, ಮರ ಕಡಿದು, ಆಮೇಲೂ ಕೂದಲು ಬೋಳಿಸುವಷ್ಟು ಹರಿತ ಉಳಿಸಿಕೊಂಡು, ಕೊನೆಗೆ 90 ಡಿಗ್ರಿ ಬಾಗಿದರೂ ಮುರಿಯದೆ ನಿಲ್ಲಬೇಕು. ಮೆದು ಬೆನ್ನಿನ ಅಲಗಿಗೆ ಹೇಳಿ ಮಾಡಿಸಿದ ಪರೀಕ್ಷೆ ಅದು. ಆದರೆ ತರಕಾರಿ ಹೆಚ್ಚುವ ಚಾಕು 90 ಡಿಗ್ರಿ ಬಾಗುವ ಸಂದರ್ಭ ಬರುವುದಿಲ್ಲ. ಯುದ್ಧದ ಕತ್ತಿಗೆ, ಕಾಡಿನಲ್ಲಿ ಕಡಿಯುವ ಉದ್ದ ಅಲಗಿಗೆ ಈ ಹದ ಪ್ರಾಣ ಉಳಿಸುವಂಥದು. ಅಂಗೈ ಉದ್ದದ ಚಾಕುವಿನಲ್ಲಿ ಅದರ ಬೆಲೆ ಮುಖ್ಯವಾಗಿ ಚೆಲುವಿನದು. ಚೆಲುವಿಗಾಗಿ ದುಡಿಯುವುದೂ ಸಣ್ಣ ಮಾತಲ್ಲ. ಗೆರೆ ಚೆನ್ನಾಗಿ ಬರಬೇಕೆಂದರೆ ಉಕ್ಕು, ಕಾವು, ಗಳಿಗೆ ಮೂರೂ ಸರಿಯಾಗಿರಬೇಕಾದ್ದರಿಂದ, ಅದನ್ನು ಬೆನ್ನಟ್ಟುವವರು ಒಳ್ಳೆಯ ಕಮ್ಮಾರಿಕೆಯನ್ನು ತಾವಾಗಿಯೇ ಕಲಿಯುತ್ತಾರೆ. ಭಾರತದ ಆಯುಧ ಕಾನೂನು ಮನೆಬಳಕೆ, ಬೇಸಾಯ, ಕೈಗಾರಿಕೆಗಳಿಗೆಂದು ಮಾಡಿರದ, 9 ಅಂಗುಲಕ್ಕಿಂತ ಉದ್ದದ ಇಲ್ಲವೇ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧವೆಂದು ಎಣಿಸುತ್ತದೆ. ಕಲಿಯುವವರು ಸಣ್ಣ ಚಾಕುವಿಗೇ ನಿಲ್ಲುವುದು ಆ ದೃಷ್ಟಿಯಿಂದಲೂ ಒಳ್ಳೆಯದು.

ಆಮ್ಲ ತೋರಿಸಿದ ಅಲಗಿಗೆ ತುಕ್ಕು ಬೇಗ ಹತ್ತುತ್ತದೆ. ಬಳಸಿದ ಕೂಡಲೇ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಬೇಕು. ಈರುಳ್ಳಿ, ಮಾವಿನಕಾಯಿ, ಹುಣಸೆ ಮುಟ್ಟಿದ ಚಾಕು ಕೆಲವೇ ದಿನಗಳಲ್ಲಿ ಬೂದು-ನೀಲಿಗೆ ತಿರುಗಿ ಗೆರೆ ಮರೆಯಾಗುತ್ತದೆ; ಮತ್ತೆ ಉಜ್ಜಿ ನಿಂಬೆರಸ ಹಚ್ಚಿದರೆ ಅದೇ ಗೆರೆ, ಅದೇ ಜಾಗದಲ್ಲಿ ಮರಳಿ ಬರುತ್ತದೆ. ಅದು ನಿಜವಾಗಿ ಇಲ್ಲವಾಗುವುದು ಸಾಣೆಯಿಂದ. ಪ್ರತಿ ಸಲ ಮಸೆದಾಗಲೂ ಬಾಯಿ ಕೂದಲಷ್ಟು ಸವೆದು ಗೆರೆಗೆ ಹತ್ತಿರವಾಗುತ್ತದೆ. ಹಲವು ತಲೆಮಾರು ಮಸೆಸಿಕೊಂಡು ಗಡಸು ಭಾಗ ಮುಗಿಯುತ್ತ ಬಂದ ಕತ್ತಿಯನ್ನು ಜಪಾನೀಯರು ದಣಿದ ಕತ್ತಿ ಎನ್ನುತ್ತಾರೆ. ಗೆರೆ ಬಾಯಿಯನ್ನು ಮುಟ್ಟಿದ ಜಾಗದಲ್ಲಿ ಉಳಿದಿರುವುದು ಮೆದು ಉಕ್ಕು ಮಾತ್ರ, ಅಲ್ಲಿ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.